ಮುಚ್ಚಳ ಹಾಕಿ ತೆಗೆದ ಚಿತ್ರಗಳು

ಆಜರ್ ೧೪

ರಾತ್ರಿ ಎರಡೂಕಾಲು. ಎಚ್ಚರವಾದದ್ದು ಪೀಪ್ ಎಂಬ ಸದ್ದಿಗೆ, ದಿಂಬಿನ ಕೆಳಗಿಂದ. ನಾನೇ ಇಟ್ಟುಕೊಂಡ ಸದ್ದು. ಆದರೂ ಪ್ರತಿ ಸಲ ಎದೆ ಧಸಕ್ಕೆನ್ನುತ್ತದೆ.

ಇದು ನನ್ನ ಕ್ಯಾಮೆರಾದ ಟೈಮರ್. ಕ್ಯಾಮೆರಾವನ್ನು ಕೈಯಿಂದ ಮುಟ್ಟದೆ, ಇಷ್ಟು ಹೊತ್ತು ಕಣ್ಣು ತೆರೆ, ಇಷ್ಟು ಹೊತ್ತು ಮುಚ್ಚು ಎಂದು ಅದಕ್ಕೆ ಹೇಳುವ ಅಂಗೈಯಗಲದ ಪೆಟ್ಟಿಗೆ. ಕಳೆದ ಚಳಿಗಾಲವೆಲ್ಲ ಮರಳುದಿಬ್ಬಗಳ ನಡುವೆ ಜಬ್ಬಾರ್ ನಕ್ಷತ್ರಪುಂಜದ ಚಿತ್ರ ತೆಗೆಯುವಾಗ ಇದು ನನ್ನ ಕೈಗವಸಿನೊಳಗೇ ಇರುತ್ತಿತ್ತು. ಈಗ ಹತ್ತು ನಿಮಿಷಕ್ಕೊಮ್ಮೆ ನನ್ನನ್ನು ಎಬ್ಬಿಸುತ್ತದೆ. ಎದ್ದು ಮಗುವಿನ ಮೂಗಿನ ಬಳಿ ಬೆರಳು ಹಿಡಿಯುತ್ತೇನೆ. ಬೆರಳಿನ ಮೇಲೆ ನಂಬಿಕೆ ಬಾರದಿದ್ದರೆ ಕೈಗನ್ನಡಿ. ಕನ್ನಡಿ ಮಬ್ಬಾದರೆ ಸರಿ. ಕನ್ನಡಿಯನ್ನೂ ನಂಬಲಾಗದಿದ್ದರೆ ಹಿಮ್ಮಡಿಗೆ ಬೆರಳಿನಿಂದ ಒಂದು ಟಕ್. ಅತ್ತರೆ ಉಸಿರಿದೆ ಎಂದರ್ಥ.

ಟಕ್ ಅನ್ನಿಸುವುದನ್ನು ಕಲಿತದ್ದು ಆಸ್ಪತ್ರೆಯಲ್ಲಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು. ಅಲ್ಲಿ ಅದು ನಡುನಡುವೆ ಉಸಿರಾಡುವುದನ್ನೇ ಮರೆಯುತ್ತಿತ್ತು. ಯಂತ್ರ ಕೂಗುತ್ತಿತ್ತು, ನರ್ಸ್ ಬಂದು ಹಿಮ್ಮಡಿಗೆ ಬೆರಳು ತಾಗಿಸುತ್ತಿದ್ದಳು, ಅದಕ್ಕೆ ನೆನಪಾಗುತ್ತಿತ್ತು. "ಇನ್ನು ಮರೆಯಲ್ಲಮ್ಮ, ದೊಡ್ಡೋಳಾದಳು, ಕರ್ಕೊಂಡು ಹೋಗಿ" ಎಂದರು ಡಾಕ್ಟರ್. ಮನೆಗೆ ಬಂದು ಮೂರು ದಿನವಾಯಿತು. ಮಗುವನ್ನು ಕಳಿಸಿಕೊಟ್ಟರು. ಯಂತ್ರವನ್ನು ಅಲ್ಲೇ ಉಳಿಸಿಕೊಂಡರು.

ನನ್ನ ಗಂಡ ಕಿಯೂಮರ್ಸ್ ಪೊಟ್ಯಾಷ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದಾನೆ. ಅತ್ತೆ ಪಕ್ಕದ ಕೋಣೆಯಲ್ಲಿ. ಇಡೀ ಖೂರ್ ಊರಿನಲ್ಲಿ ದೀಪ ಉರಿಯುತ್ತಿರುವುದು ಈ ಒಂದು ಕಿಟಕಿಯಲ್ಲೇ ಇರಬೇಕು. ಮುಂಚೆ ಹೀಗೆ ದೀಪ ಹಚ್ಚಿಟ್ಟವರನ್ನು ನಾನೇ ಬೈಯುತ್ತಿದ್ದೆ, ಆಕಾಶ ಹಾಳು ಮಾಡುತ್ತಾರೆಂದು.

ಪೀಪ್. ನೋಡುತ್ತೇನೆ.

ಇದೆ.

ಆಜರ್ ೧೬

ಹಗಲು. ಮಗು ತೊಡೆಯ ಮೇಲಿದೆ, ಎಡಗೈಯಲ್ಲಿ ಪುಸ್ತಕ ಒತ್ತಿ ಹಿಡಿದು ಬರೆಯುತ್ತಿದ್ದೇನೆ.

ಅತ್ತೆಯನ್ನು ಬೀದಿಗೆ ಬೀದಿಯೇ ಬೀಬಿ ಎನ್ನುತ್ತದೆ, ನಾನೂ ಹಾಗೇ. ಅವರು ನನ್ನನ್ನು ಅರೂಸ್ ಎನ್ನುತ್ತಾರೆ. ಮದುವೆಯಾಗಿ ಎಷ್ಟು ವರ್ಷವಾದರೂ ಈ ಮನೆಯಲ್ಲಿ ನಾನು ಮದುಮಗಳೇ. ಬೆಳಗಾದರೆ ಕಾಚಿಯ ಬಟ್ಟಲು ಹಿಡಿದು ಬರುತ್ತಾರೆ. ಹುರಿದ ಹಿಟ್ಟು, ತುಪ್ಪ, ಕೇಸರಿ. ಬಾಣಂತಿಯ ಸೊಂಟಕ್ಕೆ ಬಲ ಬರಬೇಕಂತೆ.

"ತಿನ್ನು ಅರೂಸ್. ಬಟ್ಟಲಿನ ತಳ ಕಾಣೋವರೆಗೂ ನಾನು ಇಲ್ಲಿಂದ ಏಳಲ್ಲ."

ನಾನು ತಿನ್ನುವಾಗ ದಿಂಬು ಸರಿಮಾಡಲೆಂದು ಎತ್ತಿದರು. ಅಡಿಯಲ್ಲಿ ಅವರೇ ಇಟ್ಟ ಕತ್ತರಿ, ಪಕ್ಕದಲ್ಲಿ ನನ್ನ ಟೈಮರ್.

"ಕತ್ತರಿ ಇಟ್ಟಿದ್ದು ಆಲ್ ಹತ್ರ ಬರದೇ ಇರ್ಲಿ ಅಂತ. ಕಬ್ಬಿಣ ಕಂಡ್ರೆ ಆ ದೆವ್ವ ಬಾಣಂತಿ ಕೋಣೆಗೆ ಕಾಲಿಡಲ್ಲ. ನಿನ್ನ ಈ ಪೆಟ್ಟಿಗೆ ಯಾರನ್ನ ಓಡಿಸತ್ತೆ?"

"ನಿದ್ದೇನ, ಬೀಬಿ."

"ಚೆನ್ನಾಗಿದೆ! ನಕ್ಷತ್ರ ಕಾಯೋದು ಬಿಟ್ಟು ಮೂಗು ಕಾಯೋಕೆ ಕೂತ್ಯಾ?"

ಬೀಬಿಯ ಕಟ್ಟಳೆ ಹೀಗಿದೆ: ನಲವತ್ತು ದಿನ ಮುಗಿಯುವವರೆಗೆ ನಾನು ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟಬಾರದು, ಮಗುವಿನ ಚಿತ್ರ ತೆಗೆಯಬಾರದು. ಗಾಜಿನ ಪೆಟ್ಟಿಗೆಯ ದಿನಗಳು ಲೆಕ್ಕಕ್ಕಿಲ್ಲ. "ಅದು ಹುಟ್ಟಿದ್ದಾ? ಅಂಗಡಿಯಲ್ಲಿಟ್ಟಿದ್ರು ಅಷ್ಟೆ. ಹುಟ್ಟಿದ್ದು ಮನೆಗೆ ಬಂದ ದಿನ."

ಕಿಯೂಮರ್ಸ್ ಹೆಸರು ನೋಂದಾಯಿಸಿ ಬಂದಿದ್ದಾನೆ, ಆಫಾಖ್ ಎಂದು. ಅವನ ಅಜ್ಜಿಯ ಹೆಸರು. ದಿಗಂತಗಳು ಎಂದು ಅರ್ಥ. ನಾನು ಇನ್ನೂ ಕರೆದು ನೋಡಿಲ್ಲ. ಆಸ್ಪತ್ರೆಯಲ್ಲಿ ಕೈಗೆ ಕಟ್ಟಿದ್ದ ಪಟ್ಟಿಯಲ್ಲಿ 'ನಸ್ತರನ್‌ಳ ಮಗು' ಎಂದಿತ್ತು. ಸದ್ಯಕ್ಕೆ ಅದೇ ಸಾಕು. ಕರೆದರೆ ಅಭ್ಯಾಸವಾಗಿಬಿಡುತ್ತದೆ.

ಆಜರ್ ೨೧

ಕಿಯೂಮರ್ಸ್‌ಗೆ ನಾಳೆ ರಜೆ. ಚಂದ್ರನಿಲ್ಲ, ಮೋಡವಿಲ್ಲ, ಗಾಳಿಯೂ ಬಿದ್ದಿದೆ. ಇಂಥ ರಾತ್ರಿ ಬಂದರೆ ನಮ್ಮಿಬ್ಬರಿಗೂ ಮಧ್ಯಾಹ್ನದಿಂದಲೇ ಕಾಲು ನಿಲ್ಲುತ್ತಿರಲಿಲ್ಲ. ಇಂದು ಅವನ ಕಾಲು ನಿಲ್ಲುತ್ತಿಲ್ಲ.

ಜಬ್ಬಾರ್ ಎಂದರೆ ದೈತ್ಯ, ನಡುವಿಗೆ ಮೂರು ನಕ್ಷತ್ರಗಳ ಪಟ್ಟಿ ಬಿಗಿದು ಚಳಿಗಾಲದ ಆಕಾಶದಲ್ಲಿ ನಿಲ್ಲುವವನು. ಅವನ ಸುತ್ತ ಒಂದು ಕೆಂಪು ಕಮಾನಿದೆ. ಬರಿಗಣ್ಣಿಗೆ ಕಾಣದಷ್ಟು ಮಂಕು. ಕ್ಯಾಮೆರಾವನ್ನು ರಾತ್ರಿಗಟ್ಟಲೆ ಒಂದೇ ಜಾಗಕ್ಕೆ ನೆಟ್ಟು, ಸಿಕ್ಕ ನೂರಾರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದರೆ ಮಾತ್ರ ಮೂಡುತ್ತದೆ. ಕಳೆದ ವರ್ಷ ಮುಕ್ಕಾಲು ಕಮಾನು ಸಿಕ್ಕಿತ್ತು. ಕಾಲಿನ ಬಳಿಯ ತುದಿಯೊಂದು ಉಳಿಯಿತು. ಅಷ್ಟರಲ್ಲಿ ಜಬ್ಬಾರ್ ಪಡುವಣಕ್ಕೆ ಇಳಿದುಬಿಟ್ಟ. ಬರುವ ಚಳಿಗೆ ಎಂದುಕೊಂಡಿದ್ದೆ.

"ನಿನ್ನ ಬದಲಿಗೆ ನಾನು ಹೋಗಿ ಬರ್ಲಾ?" ಎಂದ. "ಕಾಲೊಂದು ತಾನೇ ಬಾಕಿ."

"ನಿಂಗೆ ಫೋಕಸ್ ಮಾಡೋಕೆ ಬರಲ್ಲ."

"ಆಕಾಶ ನೋಡೋ ಕ್ಲಬ್ಬಲ್ಲಿದ್ದಾಗಲೇ ಹೀಗೆ ಅಂದಿದ್ರೆ ನಾನು ಮದುವೇನೇ ಆಗ್ತಿರ್ಲಿಲ್ಲ."

"ಅಂದಿದ್ದೆ. ನೀನು ನನ್ನ ಮುಖ ನೋಡ್ತಿದ್ದೆ, ಮಾತು ಕೇಳ್ತಿರ್ಲಿಲ್ಲ."

ನಕ್ಕ. ಆಮೇಲೆ ಕೈ ಚಾಚಿದ. "ಸರಿ, ಟೈಮರ್ ಕೊಡು."

ನಾನು ದಿಂಬಿನ ಮೇಲೆ ಕೈ ಇಟ್ಟೆ.

"ನಸ್ತರನ್ ಜಾನ್, ಒಂದೇ ರಾತ್ರಿ. ಫೋನಲ್ಲಿ ಅಲಾರಂ ಇಟ್ಕೊಂಡ್ರಾಯ್ತು."

ಫೋನಿನಲ್ಲಿ ಚಾರ್ಜ್ ಮುಗಿಯುತ್ತದೆ. ಫೋನು ತಾನಾಗಿಯೇ ಸುಮ್ಮನಾಗುತ್ತದೆ. ಈ ಪೆಟ್ಟಿಗೆ ಬೆರಳು ಮರಗಟ್ಟುವ ಚಳಿಯಲ್ಲೂ ಒಮ್ಮೆಯೂ ತಪ್ಪಿಲ್ಲ. ಇದನ್ನೆಲ್ಲ ಹೇಳಲಿಲ್ಲ. ಕೈ ತೆಗೆಯಲಿಲ್ಲ, ಅಷ್ಟೆ. ಅವನು ಮತ್ತೆ ಕೇಳಲಿಲ್ಲ. ಕೈಗಡಿಯಾರ ನೋಡಿಕೊಂಡು ಬೆರಳಿನಿಂದಲೇ ಒತ್ತುತ್ತಾನಂತೆ.

ಆಜರ್ ೨೨

ಇವತ್ತು ಬರೆಯಲು ವಿಷಯವಿದೆ.

ಕಿಯೂಮರ್ಸ್ ಬೆಳಗಿನ ಜಾವ ಬಂದ. ಕಾಲುಚೀಲ ಕೊಡವಿದರೆ ಅರ್ಧ ದಿಬ್ಬ ನೆಲದ ಮೇಲೆ. ಕ್ಯಾಮೆರಾ ತೆರೆದು ನೋಡಿದೆ. ಫೋಕಸ್ ಚೆನ್ನಾಗಿಯೇ ಮಾಡಿದ್ದ, ಅವನಿಗೆ ಹೇಳಲಿಲ್ಲ. ಆದರೆ ಬೆರಳಿನಿಂದ ಒತ್ತಿದ ಪ್ರತಿ ಸಲವೂ ಕ್ಯಾಮೆರಾ ಅದುರಿ, ನಕ್ಷತ್ರಗಳಿಗೆಲ್ಲ ಗೊದಮೊಟ್ಟೆಯಂತೆ ಬಾಲ ಬಂದಿದೆ. ನಾಲ್ಕರಲ್ಲಿ ಒಂದು ಉಳಿದೀತು. ನಾನು ಟೈಮರ್ ಕೊಡದಿದ್ದದ್ದರಿಂದ ಎಂದು ಅವನೂ ಅನ್ನಲಿಲ್ಲ.

"ಮುಚ್ಚಳದ ಚಿತ್ರ?"

ತಲೆಯ ಮೇಲೆ ಕೈ ಇಟ್ಟುಕೊಂಡ. "ಕೈ ಸೆಟೆದುಹೋಗಿತ್ತು ಕಣೇ. ಮರೆತೇಬಿಟ್ಟೆ."

ಕ್ಯಾಮೆರಾ ತನ್ನ ಮೈಬಿಸಿಗೆ ತಾನೇ ಚುಕ್ಕೆಗಳನ್ನು ಹುಟ್ಟಿಸಿಕೊಳ್ಳುತ್ತದೆ, ಆಕಾಶದಲ್ಲಿಲ್ಲದ ಚುಕ್ಕೆಗಳನ್ನು. ಕಣ್ಣಿಗೆ ಮುಚ್ಚಳ ಹಾಕಿ, ಅದೇ ಚಳಿಯಲ್ಲಿ, ಅಷ್ಟೇ ಹೊತ್ತು ಚಿತ್ರ ತೆಗೆದರೆ ಅವು ಮಾತ್ರ ಮೂಡುತ್ತವೆ. ಆಮೇಲೆ ನಿಜವಾದ ಚಿತ್ರದಿಂದ ಅವನ್ನು ಕಳೆಯಬೇಕು. ಆದರೆ ಮರಳುಗಾಡಿನ ಚಳಿಯನ್ನು ಮನೆಗೆ ತರುವುದು ಹೇಗೆ? ಕ್ಲಬ್ಬಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಫ್ರಿಜ್ಜಿನ ಮಧ್ಯದ ಹಲಗೆಯಿಂದ ಸೊಪ್ಪಿನ ಕಟ್ಟು ತೆಗೆದು, ಬೀಬಿಯ ಮೊಸರಿನ ಪಾತ್ರೆ ಸರಿಸಿ, ಅದರ ಪಕ್ಕ ಕ್ಯಾಮೆರಾ ಕೂರಿಸಿದೆ. ಟೈಮರನ್ನೂ ಕೊಟ್ಟೆ. ಹಗಲಲ್ಲವೇ, ಬೆಳಕಿನಲ್ಲಿ ಮಗುವಿನ ಹೊಟ್ಟೆ ಏಳುವುದು ಬೀಳುವುದು ಕಾಣುತ್ತದೆ.

ಎರಡು ಗಂಟೆ ಬಿಟ್ಟು ಹೋಗಿ ನೋಡಿದರೆ ಮೊಸರಿನ ಪಾತ್ರೆ ಮಾತ್ರ ಇದೆ.

"ಬೀಬಿ, ಇಲ್ಲಿ ಕ್ಯಾಮೆರಾ ಇತ್ತು."

"ನೀನೇ ಇಟ್ಟಿದ್ದಾ?" ಬೀಬಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ನನ್ನ ಹಣೆ ಮುಟ್ಟಿ ನೋಡಿದರು. "ಹೋಗ್ಲಿ ಬಿಡು. ಬಾಣಂತಿಗೆ ತಲೆ ನಿಲ್ಲಲ್ಲ. ಕಿಯೂಮರ್ಸ್ ಹುಟ್ಟಿದಾಗ ನಾನು ಚಪ್ಪಲೀನ ಹಿಟ್ಟಿನ ಡಬ್ಬೀಲಿ ಇಟ್ಟಿದ್ದೆ. ಪಾಪ, ಮುಟ್ಟಿದ್ರೆ ಕೊರೀತಿತ್ತು ಆ ವಸ್ತು. ಜೋಪಾನವಾಗಿ ಬೆಚ್ಚಗೆ ಇಟ್ಟಿದ್ದೀನಿ."

ಬೆಚ್ಚಗೆ ಎಂದರೆ ಅವರ ಕೊರ್ಸಿಯ ಒಳಗೆ. ತಗ್ಗು ಮೇಜಿನಡಿ ಹೀಟರ್, ಮೇಲೆ ನಾಲ್ಕೂ ಕಡೆ ಇಳಿಬಿದ್ದ ರಜಾಯಿ, ಅದರಡಿಯಲ್ಲಿ ಅವರ ಉಣ್ಣೆಯ ಶಾಲು ಸುತ್ತಿಕೊಂಡು ನನ್ನ ಕ್ಯಾಮೆರಾ. ಟೈಮರ್ ಇನ್ನೂ ತಂತಿಯ ತುದಿಯಲ್ಲಿತ್ತು. ಪಟ್ಟು ಬಿಡದೆ ಒಂದಾದ ಮೇಲೊಂದು ಚಿತ್ರ ತೆಗೆಯುತ್ತಲೇ ಇತ್ತು.

ಕಿಯೂಮರ್ಸ್ ನೆಲಕ್ಕೆ ಬಿದ್ದು ನಕ್ಕ. "ಅಮ್ಮಾ, ಅದಕ್ಕೂ ಒಂದು ಬಟ್ಟಲು ಕಾಚಿ ಕೊಡಬೇಕಿತ್ತು."

"ಕೊಡ್ತಿದ್ದೆ, ಬಾಯಿಗೆ ಮುಚ್ಚಳ ಇತ್ತು" ಎಂದರು ಬೀಬಿ.

ನಾನೂ ನಕ್ಕೆನಂತೆ. ಕಿಯೂಮರ್ಸ್ ಹೇಳಿದ.

ಆಜರ್ ೨೪

ಕೊರ್ಸಿಯಡಿ ತೆಗೆದ ಚಿತ್ರಗಳನ್ನು ಅಳಿಸುವ ಮೊದಲು ನೋಡಿದೆ. ಕೆಂಪು, ನೀಲಿ, ಬಿಳಿ, ಸಾವಿರಾರು ಚುಕ್ಕೆ. ಇಷ್ಟು ತುಂಬಿದ ಆಕಾಶ ಯಾವ ಮರಳುಗಾಡಿನಲ್ಲೂ ಇಲ್ಲ. ಒಂದೂ ನಿಜವಲ್ಲ. ಮುಚ್ಚಳ ಹಾಕಿಕೊಂಡು, ಕಂಬಳಿ ಹೊದ್ದು, ಬಿಸಿಯಲ್ಲಿ ಬೇಯುತ್ತ ತನಗೆ ತಾನೇ ಕಂಡುಕೊಂಡದ್ದು.

ಫ್ರಿಜ್ಜಿನಲ್ಲಿಟ್ಟು ಮತ್ತೆ ತೆಗೆದೆ. ಬಾಗಿಲಿಗೆ ಚೀಟಿ ಅಂಟಿಸಿದೆ: ಮುಟ್ಟಬೇಡಿ, ಇದಕ್ಕೆ ಶೀತವಾಗುವುದಿಲ್ಲ.

ರಾತ್ರಿ ಟೈಮರ್ ದಿಂಬಿನಡಿಗೆ ಮರಳಿತು. ಒಂದು ಪೀಪಿಗೂ ಇನ್ನೊಂದಕ್ಕೂ ನಡುವೆ ಮಗು ಸತ್ತಂತೆ ಐದು ಸಲ ಅನ್ನಿಸಿತು. ಐದು ಸಲವೂ ಹಿಮ್ಮಡಿಗೆ ಟಕ್ ಅನ್ನಿಸಿದೆ. ಐದು ಸಲವೂ ಅತ್ತಿತು.

ಆಜರ್ ೨೭

ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆವು, ನಾನು, ಬೀಬಿ, ಮಗು. ತಕ್ಕಡಿಯ ಮುಳ್ಳು ಹೋದ ಸಲ ಎಲ್ಲಿತ್ತೋ ಅಲ್ಲೇ ನಿಂತಿತು.

"ಹಾಲು ಕುಡಿಯತ್ತಾ?" ಎಂದಳು ನರ್ಸ್.

"ಕುಡಿಯತ್ತೆ."

"ನಿದ್ದೆ? ಈ ವಯಸ್ಸಲ್ಲಿ ಮಕ್ಕಳು ಬೆಳೆಯೋದೇ ನಿದ್ದೇಲಿ. ಚೆನ್ನಾಗಿ ಮಲಗತ್ತಾ?"

"ಮಲಗತ್ತೆ" ಎಂದೆ.

ಅವಳು ಕಾಲು ತಿರುಗಿಸಿ ನೋಡಿದಳು. ಬಲ ಹಿಮ್ಮಡಿಯಲ್ಲಿ ನಾಣ್ಯದಷ್ಟಗಲ ಕೆಂಪು. "ಇದೇನಮ್ಮ?"

ಬೀಬಿ ಚಾದರ ಸರಿಮಾಡಿಕೊಳ್ಳುತ್ತ ಹೇಳಿದರು: "ಕಾಲುಚೀಲ ಬಿಗಿ. ನಾನೇ ಹೆಣೆದದ್ದು. ಕಣ್ಣು ಕಾಣಲ್ಲ ನೋಡು, ಅಳತೆ ತಪ್ಪಿತು."

ಬೀಬಿ ಹೆಣೆದ ಕಾಲುಚೀಲ ಎಷ್ಟು ಸಡಿಲವೆಂದರೆ ದಾರಿಯಲ್ಲಿ ಎರಡು ಸಲ ಬಿದ್ದು, ನಾನೇ ಎತ್ತಿಕೊಂಡಿದ್ದೆ.

ಮನೆಗೆ ಬಂದ ಮೇಲೆ ಅವರು ಬಾದಾಮಿ ಎಣ್ಣೆ ಬಿಸಿ ಮಾಡಿ ಆ ಹಿಮ್ಮಡಿಗೆ ಹಚ್ಚಿದರು, ಬಹಳ ಹೊತ್ತು. "ಈ ಕಾಲಿಗೆ ಇನ್ನು ಯಾರೂ ಕೈ ಹಚ್ಚೋ ಹಾಗಿಲ್ಲ" ಎಂದರು, ನನ್ನ ಕಡೆ ನೋಡದೆ, ಎಣ್ಣೆಯ ಬಟ್ಟಲಿಗೆ ಹೇಳುವಂತೆ.

ರಾತ್ರಿ. ಆ ಕಾಲಿಗೆ ಕೈ ಹ‌ಚ್ಚಲಿಲ್ಲ. ಎಡಗಾಲಿಗೆ ಹಚ್ಚಿದೆ.

ದೆಯ್ ೧

ನಿನ್ನೆ ಆಜರ್ ತಿಂಗಳ ಕೊನೆ, ವರ್ಷದ ಅತಿ ಉದ್ದದ ರಾತ್ರಿ. ಕೊರ್ಸಿಯ ಸುತ್ತ ಕೂತು ಕಲ್ಲಂಗಡಿ, ದಾಳಿಂಬೆ, ಹುರಿದ ಬೀಜ. ಎಲ್ಲರಿಗೂ ಒಂದೇ ರಾತ್ರಿ ಉದ್ದವಾಗಿರುತ್ತದೆ, ಅದಕ್ಕೇ ಹಬ್ಬ ಮಾಡುತ್ತಾರೆ.

ಇಸ್ಫಹಾನಿನಿಂದ ತರ್ಲಾನ್ ಫೋನ್ ಮಾಡಿದ್ದಳು. ಕ್ಲಬ್ಬಿನಲ್ಲಿ ನನ್ನ ಜೋಡಿ, ಬಾಯಿಗೆ ಬೀಗವಿಲ್ಲದವಳು. "ಜಬ್ಬಾರನ ಕಾಲು ಸಿಕ್ತೇನೇ? ಒಂದು ವರ್ಷದಿಂದ ಪಾಪದವನನ್ನ ಒಂಟಿ ಕಾಲಲ್ಲಿ ನಿಲ್ಲಿಸಿದ್ದೀಯಲ್ಲ!"

"ಮಗು ಇದೆಯಲ್ಲೇ."

"ಮಗು ಇದೆ ಸರಿ. ನೀನು ಎಲ್ಲಿದ್ದೀಯ?"

ಅಷ್ಟರಲ್ಲಿ ನನ್ನ ಜೇಬಿನಿಂದ ಪೀಪ್. ದಾಳಿಂಬೆ ಬಿಡಿಸುತ್ತಿದ್ದ ಬೀಬಿಯ ಕೈ ನಿಂತಿತು. ಎಲ್ಲರೂ ಮಗುವನ್ನು ನೋಡಿದರು. ಬೀಬಿ ಮಾತ್ರ ನನ್ನನ್ನು ನೋಡಿದರು.

ದೆಯ್ ೪

ಬೆಳಕಾಗಿದೆ. ಬಿಸಿಲು ಮುಖಕ್ಕೆ ಬಿದ್ದು ಎಚ್ಚರವಾಯಿತು, ಪೀಪಿನಿಂದಲ್ಲ. ಪೀಪ್ ಆಗಲೇ ಇಲ್ಲ. ಪಕ್ಕದಲ್ಲಿ ಮಗು ಇರಲಿಲ್ಲ.

ಬರಿಗಾಲಲ್ಲಿ ಓಡಿದೆ. ಬೀಬಿ ಕೊರ್ಸಿಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಿದ್ದರು, ತೊಡೆಯ ಮೇಲೆ ಮಗು. ಪಕ್ಕದಲ್ಲಿ ರೇಡಿಯೋ ಸಣ್ಣಗೆ ಗೊಣಗುತ್ತಿತ್ತು. ನನಗೆ ತಕ್ಷಣ ಅರ್ಥವಾಯಿತು. ಟೈಮರಿನ ಸೆಲ್ಲುಗಳು ರೇಡಿಯೋದೊಳಗಿದ್ದವು.

"ರೇಡಿಯೋ ಸತ್ತೋಗಿತ್ತು" ಎಂದರು ಬೀಬಿ. "ನಿನ್ನ ಪೆಟ್ಟಿಗೇಲಿ ಎರಡಿತ್ತು."

ನಾನು ಕಿರುಚಿದೆ. ಈ ಮನೆಗೆ ಬಂದಮೇಲೆ ಅವರೆದುರು ಗಟ್ಟಿಯಾಗಿ ಮಾತಾಡಿದವಳಲ್ಲ. "ನೀವು ಅವಳನ್ನ ಕೊಲ್ತಿದ್ರಿ! ಗೊತ್ತಾ ನಿಮಗೆ? ಅವಳು ಉಸಿರು ಮರೀತಾಳೆ! ಯಾರಾದ್ರೂ ನೆನಪು ಮಾಡಬೇಕು ಅವಳಿಗೆ!"

ಬೀಬಿ ತುಟಿಯ ಮೇಲೆ ಬೆರಳಿಟ್ಟರು. ಮಗು ಮಲಗಿತ್ತು. ನನ್ನ ಕಿರುಚಾಟಕ್ಕೂ ಏಳದಷ್ಟು ಗಾಢವಾಗಿ.

"ನಿನ್ನ ಪೆಟ್ಟಿಗೆ ಕೂಗಿದಾಗಲೆಲ್ಲ ನಾನೂ ಎದ್ದಿದ್ದೀನಿ ಅರೂಸ್. ಮೊದಲನೇ ರಾತ್ರಿಯಿಂದ. ಗೋಡೆಗೆ ಕಿವಿ ಹಚ್ಚಿ ಕೂತಿರ್ತಿದ್ದೆ, ನೀನು ಮತ್ತೆ ದಿಂಬಿಗೆ ತಲೆ ಕೊಡೋವರೆಗೂ. ಒಂದು ಮಗೂಗೆ ಇಬ್ರು ಯಾಕೆ ಎದ್ದಿರಬೇಕು? ನಿನ್ನೆ ನಾನು ಎದ್ದಿದ್ದೆ. ನೀನು ಮಲಗಿದ್ದೆ."

"ಒಂದು ಸಲಾನೂ ಕಣ್ಣು ಮುಚ್ಚಲಿಲ್ವಾ?"

"ರೇಡಿಯೋದೋನು ಬಿಟ್ರೆ ತಾನೇ. ರಾತ್ರಿಯೆಲ್ಲ ಗೋಧಿಗೆ ಬರೋ ಹುಳದ ವಿಷಯ ಹೇಳ್ತಿದ್ದ."

"ಹಾಲು?"

"ಹಸಿವಾದಾಗಲೆಲ್ಲ ತಂದು ನಿನ್ನ ಎದೆಗೆ ಹಚ್ಚಿದೆ. ಅವಳು ಕುಡಿದಳು. ನಿಂಗೆ ಗೊತ್ತೇ ಆಗ್ಲಿಲ್ಲ."

ಮಗುವನ್ನು ಕಿತ್ತುಕೊಂಡು ಬಂದು ಬಾಗಿಲು ಹಾಕಿಕೊಂಡೆ. ಸೆಲ್ಲುಗಳನ್ನೂ ಕಿತ್ತುಕೊಂಡು ಬಂದೆ. ಈಗಲೂ ಸಿಟ್ಟಿದೆ. ಇರಬೇಕಾದಷ್ಟು ಇಲ್ಲ, ಆದರೂ ಇದೆ.

ಮಧ್ಯಾಹ್ನ ಮತ್ತೆ ನಿದ್ದೆ ಬಂತು. ಯಾವಾಗ ಎಂದು ತಿಳಿಯಲಿಲ್ಲ.

ದೆಯ್ ೫

ಕಿಯೂಮರ್ಸ್ ಬೀಬಿಯ ರೇಡಿಯೋಗೆ ಹೊಸ ಸೆಲ್ ತಂದ. ಕಾಚಿಯಲ್ಲಿ ಕೇಸರಿ ಹೆಚ್ಚಿತ್ತು. ತಳ ಕಾಣುವವರೆಗೂ ತಿಂದೆ.

ಟೈಮರನ್ನು ಒಂದು ಗಂಟೆಗೆ ಬದಲಿಸಿದ್ದೇನೆ.

ದೆಯ್ ೧೨

ಬಹಳ ದಿನ ಬರೆದಿಲ್ಲ. ಬರೆಯೋಣ ಎಂದುಕೊಳ್ಳುವ ಹೊತ್ತಿಗೆ ನಿದ್ದೆ ಹತ್ತಿರುತ್ತದೆ. ರಾತ್ರಿಯ ಮೊದಲ ಅರ್ಧ ಬೀಬಿಯದು, ಉಳಿದದ್ದು ನನ್ನದು. ಯಾರೂ ಕೂತು ಮಾತಾಡಿ ಮಾಡಿದ ಏರ್ಪಾಡಲ್ಲ. ಒಂದು ರಾತ್ರಿ ಬೀಬಿ ಬಂದು ಕೈ ಚಾಚಿದರು, ನಾನು ಮಗುವನ್ನು ಕೊಟ್ಟೆ.

ತೂಕದ ಮುಳ್ಳು ಕದಲಿದೆ. ನರ್ಸ್ ಹಿಮ್ಮಡಿ ನೋಡಿ "ಹೊಸ ಕಾಲುಚೀಲಾನಾ ಬೀಬಿ?" ಎಂದಳು. "ಈಗ ಕಣ್ಣು ಸರಿಹೋಗಿದೆ" ಎಂದರು ಬೀಬಿ.

ನಿನ್ನೆ ಅವಳಿಗೆ ಹಾಲು ಕೊಡುತ್ತ ಒಂದೇ ಕೈಯಲ್ಲಿ ಕಂಪ್ಯೂಟರಿನ ಮುಂದೆ ಕೂತೆ. ಕಿಯೂಮರ್ಸ್ ತಂದದ್ದರಲ್ಲಿ ಬಾಲವಿಲ್ಲದ್ದನ್ನು ಆರಿಸಿ, ಮುಚ್ಚಳದ ಚಿತ್ರಗಳನ್ನು ಕಳೆದು, ಕಳೆದ ವರ್ಷದ್ದರೊಡನೆ ಕೂಡಿಸಿದೆ. ಸುಳ್ಳು ಚುಕ್ಕೆಗಳು ಒಂದೊಂದಾಗಿ ಇಲ್ಲವಾಗಿ, ಹಿಂದಿನಿಂದ ನಿಧಾನವಾಗಿ ಕಮಾನು ಬಂತು. ದಾಳಿಂಬೆಯ ಸಿಪ್ಪೆಯ ಒಳಮೈಯಂಥ ಕೆಂಪು. ಭುಜದಿಂದ ಇಳಿದು, ಸೊಂಟ ದಾಟಿ, ಕಾಲಿನ ಹತ್ತಿರ ಬಂದು ಮರಳಿನಂತೆ ಉದುರಿಹೋಯಿತು. ಅಲ್ಲಿಗೆ ಬೆಳಕು ಸಾಲದು.

ಅವಳು ಕುಡಿಯುವುದು ನಿಲ್ಲಿಸಿ ಪರದೆಯ ಕಡೆ ನೋಡುತ್ತಿದ್ದಳು. ಎರಡು ಕಣ್ಣಲ್ಲೂ ಒಬ್ಬೊಬ್ಬ ಜಬ್ಬಾರ್, ಎಳ್ಳಿನಷ್ಟು. ಇಬ್ಬರಿಗೂ ಕಾಲಿಲ್ಲ.

ಒಂದೇ ಒಂದು ಒಳ್ಳೆಯ ರಾತ್ರಿ ಸಾಕು. ಟೈಮರ್ ಇದ್ದರೆ.

ದೆಯ್ ೨೦

ನಲವತ್ತು ಮುಗಿಯಿತು. ಬೀಬಿ ತಮ್ಮ ತಾಯಿಯ ಹಿತ್ತಾಳೆ ಬಟ್ಟಲು ತೆಗೆದರು, ಅಂಚಿನ ಸುತ್ತ ಗೆಜ್ಜೆಯಂತೆ ಪುಟ್ಟ ಪುಟ್ಟ ಬೀಗದಕೈಗಳು ತೂಗುವ ಬಟ್ಟಲು. ಅದರಲ್ಲಿ ಬೆಚ್ಚನೆ ನೀರು ಮೊಗೆದು ಮೊದಲು ಅವಳ ತಲೆಗೆ, ಆಮೇಲೆ ನನ್ನ ತಲೆಗೆ ಹೊಯ್ದರು. ಬೀಗದಕೈಗಳೆಲ್ಲ ಗಲಗಲ ಎಂದವು. ಅವಳು ಅಳಲಿಲ್ಲ. ಸದ್ದು ಎಲ್ಲಿಂದ ಬಂತೆಂದು ಹುಡುಕಿದಳು.

"ಮುಗೀತು. ಇನ್ನು ನಿನ್ನ ದಾರಿಗೆ ಆಲ್ ಅಡ್ಡ ಇಲ್ಲ, ನಾನೂ ಅಡ್ಡ ಇಲ್ಲ. ಈಗ ಬೇಕಾದ್ರೆ ಚಿತ್ರ ತೆಗಿ."

ಕ್ಯಾಮೆರಾ ತಂದು ಕಣ್ಣಿಗೆ ಹಿಡಿದೆ. ಕಪ್ಪು. ಗುಂಡಿ ಒತ್ತಿದೆ, ತಿರುಗಿಸಿದೆ, ಇನ್ನೂ ಕಪ್ಪು. ಕೊರ್ಸಿಯ ಬಿಸಿಗೆ ಕೆಟ್ಟೇಹೋಯಿತೇನೋ ಎಂದುಕೊಂಡೆ.

"ಮುಚ್ಚಳ ತೆಗಿಯೇ ಅರೂಸ್!" ಎಂದರು ಬೀಬಿ. "ಯೂನಿವರ್ಸಿಟೀಲಿ ಇದನ್ನೇ ಕಲಿಸಿದ್ದಾ?"

ತೆಗೆದೆ. ಒದ್ದೆ ಕೂದಲು ಹಣೆಗೆ ಅಂಟಿಸಿಕೊಂಡು ಅವಳು ನೇರ ನನ್ನನ್ನೇ ನೋಡುತ್ತಿದ್ದಳು.

ಸಂಜೆ ಬೀಬಿ ಚಹಾ ಸುರಿಯುತ್ತ, ಏನೂ ಅಲ್ಲವೆಂಬಂತೆ ಹೇಳಿದರು: "ನಾಳೆ ಚಂದ್ರ ಇಲ್ವಂತೆ. ಕಿಯೂಮರ್ಸ್ ಹೇಳ್ದ. ಇಬ್ರೂ ಹೋಗಿ ಬನ್ನಿ."

"ನೀವೊಬ್ರೇ..."

"ಇವನನ್ನ ಸಾಕಿದ್ದು ಯಾರು?" ಸಕ್ಕರೆ ಗಡ್ಡೆ ಬಾಯಿಗೆ ಹಾಕಿಕೊಳ್ಳುತ್ತಿದ್ದ ಕಿಯೂಮರ್ಸ್‌ನ ಕಡೆ ಕೈ ತೋರಿಸಿದರು. "ನೋಡು, ಇನ್ನೂ ಉಸಿರಾಡ್ತಾನೆ."

ದೆಯ್ ೨೧, ಸಂಜೆ

ಬೀಬಿ, ಈ ಪುಟ ನಿಮಗೆ. ಗಾಡಿ ಹೊರಗೆ ನಿಂತಿದೆ, ಕಿಯೂಮರ್ಸ್ ಆಗಲೇ ಎರಡು ಸಲ ಹಾರನ್ ಹೊಡೆದ. ಹೇಳೋಕೆ ಬಂದರೆ ಅರ್ಧ ಮರೆಯುತ್ತೇನೆ, ಅದಕ್ಕೆ ಬರೆದು ನಿಮ್ಮ ಕನ್ನಡಕದ ಡಬ್ಬಿಯ ಕೆಳಗೆ ತೆರೆದಿಟ್ಟು ಹೋಗುತ್ತಿದ್ದೇನೆ. ಹಿಂದಿನ ಪುಟ ತಿರುವಬೇಡಿ. ತಿರುವಿದರೆ ನನ್ನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ಹಾಲು ತೆಗೆದು ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ, ಮೊಸರಿನ ಪಕ್ಕ, ಅವತ್ತು ಕ್ಯಾಮೆರಾ ಇದ್ದ ಜಾಗದಲ್ಲೇ. ಇದನ್ನು ನೀವು ಬೆಚ್ಚಗೆ ಮಾಡಬಹುದು. ಒಲೆಯ ಮೇಲೆ ಬೇಡ, ಬಿಸಿನೀರಿನ ಬಟ್ಟಲಿನಲ್ಲಿ ಸೀಸೆ ಇಟ್ಟರೆ ಸಾಕು. ಆಫಾಖ್ ಕುಡಿಯುವಾಗ ನಡುವೆ ನಿಲ್ಲಿಸಿ ಸುಮ್ಮನೆ ನೋಡುತ್ತಾಳೆ. ಮುಗಿಯಿತೆಂದು ಸೀಸೆ ತೆಗೆಯಬೇಡಿ, ಯೋಚನೆ ಮಾಡುತ್ತಿರುತ್ತಾಳೆ, ಮತ್ತೆ ಕುಡಿಯುತ್ತಾಳೆ. ತೇಗು ಬರುವವರೆಗೂ ಭುಜದ ಮೇಲೇ ಇರಲಿ. ಎಡಭುಜ ಅವಳಿಗೆ ಇಷ್ಟ. ಇದೆಲ್ಲ ನಿಮಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ.

ಕತ್ತರಿ ದಿಂಬಿನಡಿಯೇ ಇದೆ. ಟೈಮರ್ ಹುಡುಕಬೇಡಿ, ನನ್ನ ಕೋಟಿನ ಜೇಬಿನಲ್ಲಿದೆ. ಜಬ್ಬಾರನ ಕಾಲಿಗೆ ಬೇಕು.

ನೀವು ಅವಳ ಉಸಿರು ಎಣಿಸಿಕೊಂಡು ಕೂರಬೇಡಿ. ರೇಡಿಯೋ ಕೇಳಿ. ನಡುವೆ ಒಮ್ಮೆ ನೋಡಿ, ಅಷ್ಟೆ. ಎರಡು ಸಲ ನೋಡಿದರೂ ತಪ್ಪಿಲ್ಲ.

ನಾನು ಅಲ್ಲಿಂದ ಫೋನ್ ಮಾಡುವುದಿಲ್ಲ. ಇಲ್ಲಿ ಗಂಟೆ ಬಾರಿಸಿದರೆ ಆಫಾಖ್ ಎದ್ದುಬಿಡುತ್ತಾಳೆ, ಅವಳ ನಿದ್ದೆ ಕೆಡಿಸೋಕೆ ನನಗಿನ್ನು ಮನಸ್ಸಿಲ್ಲ. ಅದಕ್ಕೇ ನೀವೇ ಮಾಡಬೇಕು. ದಿಬ್ಬದ ನೆತ್ತಿಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ, ಜಬ್ಬಾರ್ ಪಡುವಣಕ್ಕೆ ಇಳಿದ ಕೂಡಲೇ, ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಕಿಯೂಮರ್ಸ್‌ನ ಕೈಗೆ ಕೊಟ್ಟು, ನಾನು ನೆತ್ತಿಗೆ ಹತ್ತಿ ಫೋನ್ ಕೈಯಲ್ಲಿ ಹಿಡಿದು ನಿಂತಿರುತ್ತೇನೆ. ಎಷ್ಟು ಚಳಿಯಿದ್ದರೂ ನಿಂತಿರುತ್ತೇನೆ. ಆಗ ಮಾಡಿ. ಏನೂ ಆಗಿಲ್ಲದಿದ್ದರೂ ಮಾಡಿ. ಏನೂ ಆಗಿಲ್ಲ ಎಂದು ಹೇಳುವುದಕ್ಕೇ ಮಾಡಿ. ಮಾತಾಡಿದರೆ ಅವಳು ಎದ್ದಾಳು ಎನ್ನಿಸಿದರೆ ಮಾತೂ ಬೇಡ, ಫೋನನ್ನು ಅವಳ ಮೂಗಿನ ಹತ್ತಿರ ಹಿಡಿಯಿರಿ, ನಾನು ಕೇಳಿಸಿಕೊಂಡು ಇಟ್ಟುಬಿಡುತ್ತೇನೆ. ನಿಮ್ಮ ಕಾಲಿಗೆ ಬೀಳುತ್ತೇನೆ ಬೀಬಿ, ಬೆಳಗಾಗುವ ಮುಂಚೆ, ಒಂದೇ ಒಂದು ಸಲ, ಫೋನ್ ಮಾಡಿ.